ಚೌಕ ಕಣ್ಣಿನ ಚೀಲ ಹಾಕಿದರೆ ಸಿಗಡಿ ಎಷ್ಟು ಹೋಗುತ್ತದೆ?

ಪ್ರಶ್ನೆ: ಸರ್, ನಾನು ಅಂಕೋಲಾ ಕಡೆಯವನು. ಗೋವಾದ ಮಾಲಿಮ್ ಧಕ್ಕೆಯಲ್ಲಿ ಒಂದು ಟ್ರಾಲರಿಗೆ ತಾಂಡೇಲ, ಅಂದರೆ ಬೋಟು ನಡೆಸುವವನು. ನಾವು ಹೋಗುವುದು ಹೆಚ್ಚಾಗಿ ಸಿಗಡಿಗೇ. ಆದರೆ ಬಲೆ ಎತ್ತಿದರೆ ಸಿಗಡಿಗಿಂತ ಮರಿಮೀನೇ ಜಾಸ್ತಿ. ತರಬೇತಿ ಕೊಡಲು ಬಂದವರು ಬಲೆಯ ತುದಿಯಲ್ಲಿ ಮೀನು ಸೇರುವ ಜಾಗಕ್ಕೆ ಚೌಕ ಕಣ್ಣಿನ ಚೀಲ ಹಾಕಿ ಅಂದರು. ನಮ್ಮ ಪಾತ್ರಾಂವ್, ಅಂದರೆ ಬೋಟಿನ ಮಾಲೀಕರು, ಮಾತ್ರ ಸುತಾರಾಂ ಒಪ್ಪುತ್ತಿಲ್ಲ, ‘ಸಿಗಡಿ ಎಲ್ಲಾ ಹೋಗುತ್ತದೆ’ ಅನ್ನುತ್ತಾರೆ. ನಿಜವಾಗಿ ಎಷ್ಟು ಹೋಗುತ್ತದೆ? ಈಗಿರುವ ಬಲೆಯ ಕಣ್ಣನ್ನೇ ಸ್ವಲ್ಪ ದೊಡ್ಡದು ಮಾಡಿದರೆ ಸಾಲದಾ? ನಾವು ಬಿಟ್ಟದ್ದನ್ನು ಪಕ್ಕದ ಬೋಟಿನವನು ಹಿಡಿದರೆ ನಮಗೇನು ಲಾಭ? ಹಳೇ ಬಲೆ ಕತ್ತರಿಸಿ ನಾವೇ ಇಂಥ ಚೀಲ ಮಾಡಿಕೊಳ್ಳಬಹುದಾ?

ಉತ್ತರ: ನಿಮ್ಮ ಪಾತ್ರಾಂವ್ ಹೇಳಿದ್ದರಲ್ಲಿ ಅರ್ಧ ನಿಜ ಇದೆ. ಚೌಕ ಕಣ್ಣಿನ ಚೀಲ ಹಾಕಿದರೆ ಸ್ವಲ್ಪ ಸಿಗಡಿ ಹೋಗಿಯೇ ಹೋಗುತ್ತದೆ. ‘ಒಂದೂ ಹೋಗಲ್ಲ’ ಅಂತ ಯಾರಾದರೂ ಹೇಳಿದ್ದರೆ ಅವರು ನಿಮ್ಮನ್ನು ಒಪ್ಪಿಸುವ ಅವಸರದಲ್ಲಿದ್ದರು ಅಂದುಕೊಳ್ಳಿ. ಹೋಗುವುದು ಯಾವ ಗಾತ್ರದ ಸಿಗಡಿ, ಅದಕ್ಕೆ ಧಕ್ಕೆಯಲ್ಲಿ ಎಷ್ಟು ರೂಪಾಯಿ ಬರುತ್ತಿತ್ತು, ಅದರ ಜೊತೆ ಎಷ್ಟು ಮರಿಮೀನು ಬದುಕಿತು ಅನ್ನುವುದನ್ನು ಲೆಕ್ಕ ಹಾಕಬೇಕು. ಆ ಲೆಕ್ಕವನ್ನು ನಿಮ್ಮ ಬೋಟಿನಲ್ಲೇ ಮಾಡುವ ವಿಧಾನ ಕೆಳಗೆ ಹೇಳುತ್ತೇನೆ. ಅದಕ್ಕೆ ಮೊದಲು ನಿಮ್ಮ ಎರಡನೇ ಪ್ರಶ್ನೆ. ಬಲೆಯ ವಿಷಯದಲ್ಲಿ ಜನ ಎಡವುವುದು ಅಲ್ಲೇ.

ಬಲೆಯ ಕಣ್ಣು 40 ಮಿಲಿಮೀಟರ್ ಅಂದರೆ ಏನು? ಕಣ್ಣನ್ನು ಎರಡು ತುದಿ ಹಿಡಿದು ಪೂರ್ತಿ ಎಳೆದಾಗ ಗಂಟಿನಿಂದ ಗಂಟಿಗೆ ಸಿಗುವ ಉದ್ದ. ಕಣ್ಣಿಗೆ ನಾಲ್ಕು ಬದಿ. ಒಂದೊಂದು ಬದಿ 20 ಮಿಲಿಮೀಟರ್. ಅಂಗಡಿಯಲ್ಲಿ ಬಲೆ ಕೊಳ್ಳುವಾಗ ಈ ಲೆಕ್ಕ ಸರಿ. ಆದರೆ ನೀರಿನಲ್ಲಿ ಮೀನಿಗೆ ಸಿಗುವ ದಾರಿ ಇದಲ್ಲ. ಈಗ ನೀವು ಬಳಸುವ ಡೈಮಂಡ್ ಕಣ್ಣಿನ ಚೀಲ ಎಳೆತಕ್ಕೆ ಸಿಕ್ಕ ಕೂಡಲೇ ಉದ್ದಕ್ಕೆ ಜಗ್ಗುತ್ತದೆ, ಅಗಲದಲ್ಲಿ ಮುಚ್ಚಿಕೊಳ್ಳುತ್ತದೆ. ಹಳೇ ಅಂಗಡಿಗಳ ಬಾಗಿಲಿಗೆ ಮಡಚುವ ಕಬ್ಬಿಣದ ಗೇಟು ಇರುತ್ತದಲ್ಲ, ಅದನ್ನು ಒಂದು ಮಗ್ಗುಲಿಗೆ ತಳ್ಳಿದಾಗ ಆ ಡೈಮಂಡ್ ಕಿಂಡಿಗಳಿಗೆ ಏನಾಗುತ್ತದೋ ಹಾಗೆ. 40 ಮಿಲಿಮೀಟರ್ ಕಣ್ಣು ಐದರಲ್ಲಿ ಒಂದು ಪಾಲು ಮಾತ್ರ ಅಗಲಕ್ಕೆ ತೆರೆದಿದೆ ಅಂತ ಇಟ್ಟುಕೊಳ್ಳಿ. ಆಗ ಅಗಲ 8 ಮಿಲಿಮೀಟರ್, ಉದ್ದ 39. ಅದೇ ದಾರವನ್ನು ಚೌಕವಾಗಿ ಕೂರಿಸಿದರೆ 20ಕ್ಕೆ 20. ಮೊದಲನೆಯದರ ಕಿಂಡಿ ಸುಮಾರು 157 ಚದರ ಮಿಲಿಮೀಟರ್, ಎರಡನೆಯದು 400. ದಾರ ಅದೇ, ಗಂಟೂ ಅದೇ. ಕಿಂಡಿ ಮಾತ್ರ ಎರಡೂವರೆ ಪಟ್ಟು.

ಈಗ ನಿಯಮಕ್ಕೆ ಬನ್ನಿ. ಗೋವಾದ ಮೀನುಗಾರಿಕೆ ನಿಯಮದಲ್ಲಿ ಸಿಗಡಿ ಬಲೆಗೆ ಕನಿಷ್ಠ 20 ಮಿಲಿಮೀಟರ್, ಮೀನಿನ ಬಲೆಗೆ 24 ಅಂತಿದೆ. 1980ರ ಕಾಯ್ದೆಯ ಕೆಳಗೆ ಬಂದ ನಿಯಮ ಅದು. ಅದೇ ಲೆಕ್ಕದಲ್ಲಿ 20 ಮಿಲಿಮೀಟರ್ ಡೈಮಂಡ್ ಕಣ್ಣು ಎಳೆತದಲ್ಲಿ ತೆರೆಯುವುದು 4 ಮಿಲಿಮೀಟರ್. ಅದರಲ್ಲಿ ಯಾವ ಮರಿ ತೂರೀತು? ಅಂದರೆ ನಿಯಮ ಪೂರ್ತಿ ಪಾಲಿಸಿದ ಬೋಟು ಕೂಡ ಹೆಚ್ಚುಕಮ್ಮಿ ಏನನ್ನೂ ಬಿಡುವುದಿಲ್ಲ. ಗುಜರಾತಿನಲ್ಲಿ 40 ಮಿಲಿಮೀಟರ್ ಚೌಕ ಕಣ್ಣು ಅಂತ ಮಾಡಿದ್ದಾರೆ, ನಮ್ಮ ಕರ್ನಾಟಕದಲ್ಲಿ 35. ಅಲ್ಲಿ ಎಷ್ಟು ಬೋಟು ಪಾಲಿಸುತ್ತವೆ ಅನ್ನುವುದು ನಿಮಗೂ ಗೊತ್ತು, ನನಗೂ ಗೊತ್ತು. ಆದರೂ ಅಳತೆಯ ಜೊತೆ ಆಕಾರವನ್ನೂ ಬರೆದದ್ದು ಒಳ್ಳೆಯ ಕೆಲಸ.

ಹಾಗಾದರೆ ಡೈಮಂಡ್ ಕಣ್ಣನ್ನೇ ದೊಡ್ಡದು ಮಾಡಿದರೆ? 25ರಿಂದ 30ಕ್ಕೆ ಹೋದರೆ ಅಂಥ ವ್ಯತ್ಯಾಸ ಕಾಣುವುದಿಲ್ಲ. 50ಕ್ಕೆ ಹೋದರೆ ಬಲೆ ಬಿಟ್ಟ ಮೊದಲ ಹತ್ತು ನಿಮಿಷ, ಚೀಲ ಖಾಲಿ ಇದ್ದು ಕಣ್ಣು ಸಡಿಲ ಇರುವಾಗ, ಒಳ್ಳೆಯ ಸಿಗಡಿಯೂ ಹೋಗುತ್ತದೆ. ಆಮೇಲೆ ಚೀಲ ತುಂಬುತ್ತಾ ಕಣ್ಣು ಮುಚ್ಚಿಕೊಂಡು ಮರಿಯೂ ಉಳಿಯುತ್ತದೆ. ಎರಡೂ ಕಡೆ ಲುಕ್ಸಾನು. ಡೈಮಂಡ್ ಚೀಲದ ಸ್ವಭಾವವೇ ಹಾಗೆ. ತುಂಬಿದ ಭಾಗ ಉಬ್ಬುತ್ತದೆ, ಆ ಉಬ್ಬಿನ ಮುಂದಿನ ಕೆಲವೇ ಸಾಲು ಕಣ್ಣು ತೆರೆದಿರುತ್ತವೆ, ಉಳಿದದ್ದೆಲ್ಲ ಬಿಗಿ. ಚೌಕ ಕಣ್ಣಿನಲ್ಲಿ ಮೊದಲ ನಿಮಿಷಕ್ಕೂ ಕೊನೆಯ ನಿಮಿಷಕ್ಕೂ ಕಿಂಡಿ ಹೆಚ್ಚುಕಮ್ಮಿ ಒಂದೇ. ಏನು ಉಳಿಯುತ್ತದೆ, ಏನು ಹೋಗುತ್ತದೆ ಅಂತ ಮೊದಲೇ ಅಂದಾಜು ಮಾಡಬಹುದು. ನನಗೆ ಅದರ ದೊಡ್ಡ ಗುಣ ಅದೇ ಅನಿಸುತ್ತದೆ.

ಇಷ್ಟಾದರೂ ಚೌಕ ಕಣ್ಣು ಎಲ್ಲಾ ಮೀನಿಗೂ ಒಂದೇ ಥರ ಅನುಕೂಲ ಅಲ್ಲ. ಮೈ ದುಂಡಗೆ ಇರುವ ಮೀನಿಗೆ ಅದು ಹೇಳಿ ಮಾಡಿಸಿದ್ದು. ರಾಣಿ ಮೀನಿನ ಮರಿ, ಬಂಗುಡೆ ಮರಿ, ಕಾಣೆ ಮರಿ ಇವೆಲ್ಲ ತಲೆ ತೂರಿದರೆ ಮೈಯೂ ತೂರಿತು. ಚಪ್ಪಟೆ ಮೈಯ ನಂಗು, ಎತ್ತರ ಮೈಯ ಪಾಂಪ್ಲೆಟ್ ಮರಿ ಇವಕ್ಕೆ ಉದ್ದನೆಯ ಡೈಮಂಡ್ ಕಿಂಡಿಯೇ ವಾಸಿ. ಸಿಗಡಿಯದು ಇನ್ನೊಂದು ಕಥೆ. ಅದಕ್ಕೆ ಮುಳ್ಳಿನ ಮೂತಿ, ಮೀಸೆ, ಕಾಲು. ಅದು ಕಿಂಡಿ ಹುಡುಕಿಕೊಂಡು ಈಜುವ ಪ್ರಾಣಿಯಲ್ಲ. ಹೆದರಿದರೆ ಬಾಲ ಮಡಚಿ ಒಂದೆರಡು ಸಲ ಹಿಂದಕ್ಕೆ ಚಿಮ್ಮುತ್ತದೆ, ಆಮೇಲೆ ನೀರು ಎತ್ತ ತಳ್ಳಿದರೆ ಅತ್ತ. ಅಡ್ಡ ಬಿದ್ದರೆ ಸಣ್ಣದೂ ಸಿಕ್ಕಿಕೊಳ್ಳುತ್ತದೆ, ನೆಟ್ಟಗೆ ಬಿದ್ದರೆ ಮಧ್ಯಮ ಗಾತ್ರದ್ದೂ ಜಾರುತ್ತದೆ. ಹಾಗಾಗಿ ಸಿಗಡಿಯಲ್ಲಿ ‘ಇಷ್ಟು ಸೆಂಟಿಮೀಟರಿಗಿಂತ ಕೆಳಗಿನದು ಹೊರಗೆ, ಮೇಲಿನದು ಒಳಗೆ’ ಅಂತ ಗೆರೆ ಕೊಯ್ದ ಹಾಗೆ ಬೇರೆಯಾಗುವುದಿಲ್ಲ. ಬಲೆ ಪರೀಕ್ಷಿಸುವವರು ಅದಕ್ಕೇ ಒಂದು ಗಾತ್ರ ಗುರುತು ಮಾಡುತ್ತಾರೆ: ಯಾವ ಉದ್ದದ ಪ್ರಾಣಿಗಳಲ್ಲಿ ಅರ್ಧ ಉಳಿದು ಅರ್ಧ ಹೋಗುತ್ತವೆ ಅನ್ನುವುದು. ಆ ಗಾತ್ರ ನೀವು ಮಾರುವ ಸಿಗಡಿಗಿಂತ ಸ್ವಲ್ಪ ಕೆಳಗೆ ಬೀಳುವಂಥ ಕಣ್ಣು ಆರಿಸಬೇಕು.

ಇಲ್ಲಿ ಗೋವಾದ ತಲೆನೋವು ಏನೆಂದರೆ ಒಂದೇ ಬಲೆಗೆ ಹತ್ತಾರು ಜಾತಿ ಬೀಳುತ್ತದೆ. ಪೂರ್ತಿ ಬೆಳೆದರೂ ಚಿಕ್ಕದಾಗೇ ಇರುವ ಸಿಗಡಿ ಜಾತಿಗಳಿವೆ. ದೊಡ್ಡದಾಗುವ ಬಿಳಿ ಸಿಗಡಿಯ ಮರಿಯೂ ಅಷ್ಟೇ ಉದ್ದ ಇರುತ್ತದೆ. ಬಲೆಗೆ ಇದು ಅಜ್ಜಿ, ಇದು ಮೊಮ್ಮಗಳು ಅಂತ ಗೊತ್ತಾಗುವುದಿಲ್ಲ. ನೀವು ಸಣ್ಣ ಜಾತಿಯ ಮೇಲೇ ಬದುಕುವ ಬೋಟಾದರೆ 40ಕ್ಕೆ ಹಾರಬೇಡಿ. 30 ಅಥವಾ 35 ಚೌಕದಿಂದ ಶುರುಮಾಡಿ ನೋಡಿ. ಇದು ನನ್ನ ಅಭಿಪ್ರಾಯ. ಇದಕ್ಕಿಂತ ಕಟ್ಟುನಿಟ್ಟಿನವರು ಇದ್ದಾರೆ. ಆದರೆ ಮೊದಲ ವಾರವೇ ಮಾಲೀಕರ ಕೈ ಸುಟ್ಟರೆ ಆ ಚೀಲ ಮತ್ತೆ ನೀರಿಗೆ ಇಳಿಯುವುದಿಲ್ಲ, ಅಲ್ವಾ? ಬೇರೆ ರಾಜ್ಯದ ನೀರಿಗೆ ಹೋಗುವುದಿದ್ದರೆ ಅಲ್ಲಿನ ನಿಯಮ ಕೇಳಿಕೊಂಡೇ ಹೋಗಿ.

ಇನ್ನು ಹೋಗುವ ಸಿಗಡಿಯ ಬೆಲೆ. ಸಿಗಡಿಯ ತೂಕ ಉದ್ದದ ಘನಕ್ಕೆ ತಕ್ಕ ಹಾಗೆ ಏರುತ್ತದೆ. 8 ಸೆಂಟಿಮೀಟರಿನ ಸಿಗಡಿ 10 ಸೆಂಟಿಮೀಟರ್ ಆಗುವಷ್ಟರಲ್ಲಿ ತೂಕ ಸುಮಾರು ದುಪ್ಪಟ್ಟು. ಉದ್ದದಲ್ಲಿ ಕಾಲು ಭಾಗ ಹೆಚ್ಚಿತು ಅಷ್ಟೇ, ಆದರೆ ಕಿಲೋಗೆ 200 ಸಿಗಡಿ ಬೀಳುತ್ತಿದ್ದದ್ದು 100ರ ಹತ್ತಿರಕ್ಕೆ ಬಂತು. ಕೌಂಟ್, ಅಂದರೆ ಕಿಲೋಗೆ ಬೀಳುವ ಸಂಖ್ಯೆ, ಇಳಿದರೆ ಕಿಲೋ ಬೆಲೆ ಏರುತ್ತದೆ, ಅದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ತೂಕವೂ ಜಾಸ್ತಿ, ಬೆಲೆಯೂ ಜಾಸ್ತಿ. ಆದರೆ ಬಿಟ್ಟ ಸಿಗಡಿಯೆಲ್ಲ ಬೆಳೆದು ನಿಮಗೇ ಸಿಗುತ್ತದೆ ಅಂತ ಹೇಳಿದರೆ ಸುಳ್ಳಾಗುತ್ತದೆ. ಒಂದಷ್ಟನ್ನು ದೊಡ್ಡ ಮೀನು ತಿನ್ನುತ್ತದೆ, ಒಂದಷ್ಟು ತಾನಾಗೇ ಸಾಯುತ್ತದೆ. ಸಿಗಡಿಯ ಆಯಸ್ಸೇ ಒಂದು, ಒಂದೂವರೆ ವರ್ಷ, ಹೆಚ್ಚೆಂದರೆ ಎರಡು. ಹಾಗಾಗಿ ತೀರಾ ಕಾಯುವುದರಲ್ಲಿ ಅರ್ಥ ಇಲ್ಲ. ಕೆಲವು ತಿಂಗಳು ಕಾಯುವುದರಲ್ಲಿ ಅರ್ಥ ಇದೆ. ಮೀನಿನ ಮರಿಯ ಲೆಕ್ಕ ಇದಕ್ಕಿಂತ ದೊಡ್ಡದು. ಇಂದು ಕಚಡಾ ರಾಶಿಗೆ ಹೋಗುವ ಬೆರಳುದ್ದದ ರಾಣಿ ಮೀನಿಗೆ ಸಿಗುವುದು ಫಿಶ್ ಮೀಲ್ (ಮೀನಿನ ಪುಡಿ) ರೇಟು. ಅದೇ ಬೆಳೆದರೆ ಮೀನಿನ ಮಾಂಸ ಅರೆದು ಸುರಿಮಿ ಮಾಡುವ ಕಾರ್ಖಾನೆಯವರು ತೆಗೆದುಕೊಳ್ಳುತ್ತಾರೆ.

ಈಗ ನಿಮ್ಮ ಬೋಟಿನ ಲೆಕ್ಕ. ಸಂಶೋಧನಾ ಹಡಗಿನಲ್ಲಿ ಪರೀಕ್ಷೆ ಮಾಡುವಾಗ ಚೀಲದ ಹೊರಗೆ ಸಣ್ಣ ಕಣ್ಣಿನ ಇನ್ನೊಂದು ದೊಡ್ಡ ಮುಸುಕು ಕಟ್ಟುತ್ತಾರೆ. ತಪ್ಪಿಸಿಕೊಂಡದ್ದೆಲ್ಲ ಅದರಲ್ಲಿ ಸಿಗುತ್ತದೆ, ಎಣಿಸುತ್ತಾರೆ. ನಿಮಗೆ ಅಷ್ಟು ಬೇಡ. ಎರಡು ಚೀಲ ಇಟ್ಟುಕೊಳ್ಳಿ, ಒಂದು ಈಗಿನದು, ಒಂದು ಚೌಕದ್ದು. ಒಂದು ಎಳೆತಕ್ಕೆ ಹಳೆಯದು, ಮುಂದಿನದಕ್ಕೆ ಹೊಸದು. ಮರುದಿನ ಕ್ರಮ ತಿರುಗಿಸಿ. ಯಾಕೆಂದರೆ ಬೆಳಗಿನ ಎಳೆತಕ್ಕೂ ಮಧ್ಯಾಹ್ನದ್ದಕ್ಕೂ ಸಿಗಡಿ ಬೀಳುವುದೇ ಬೇರೆ. ಆ ವ್ಯತ್ಯಾಸ ಚೀಲದ ತಲೆಗೆ ಬರಬಾರದು. ಜಾಗ ಅದೇ ಇರಲಿ, ಆಳ ಅದೇ ಇರಲಿ, ಎಳೆಯುವ ಹೊತ್ತೂ ಅಷ್ಟೇ ಇರಲಿ. ಹತ್ತು ಜೋಡಿ ಎಳೆತವಾದರೂ ಆಗದೆ ತೀರ್ಮಾನಕ್ಕೆ ಬರಬೇಡಿ. ಒಂದು ಒಳ್ಳೆಯ ಎಳೆತ, ಒಂದು ಕೆಟ್ಟ ಎಳೆತ ನೋಡಿ ‘ಹೊಸ ಚೀಲ ಬರಕತ್ತಿಲ್ಲ’ ಅಂದುಬಿಡುವುದು ಎಲ್ಲಾ ಧಕ್ಕೆಯಲ್ಲೂ ನಡೆಯುತ್ತದೆ.

ಬಲೆ ಡೆಕ್ಕಿನ ಮೇಲೆ ಬಿಚ್ಚಿದಾಗ ರಾಶಿಯ ಮೇಲ್ಭಾಗ ನೋಡಿ ಅಂದಾಜು ಮಾಡಬೇಡಿ. ಮೇಲೆ ಕಾಣುವುದು ಮೀನು. ಸಣ್ಣ ಸಿಗಡಿ, ಏಡಿ ಮರಿ, ಕೆಸರು, ಚಿಪ್ಪು ಎಲ್ಲ ಕೆಳಗೆ ಇಳಿದಿರುತ್ತದೆ. ರಾಶಿಯ ಅಂಚಿನಿಂದ, ನಡುವಿನಿಂದ, ತಳದಿಂದ ಸಲಿಕೆಯಲ್ಲಿ ತೆಗೆದು ಒಂದು ಬುಟ್ಟಿ ತುಂಬಿಸಿ. ಆ ಬುಟ್ಟಿಯನ್ನು ಪೂರ್ತಿ ಬೇರೆ ಮಾಡಿ: ಮಾರುವ ಸಿಗಡಿ, ಮಾರಲಾಗದ ಸಿಗಡಿ, ಮಾರುವ ಮೀನು, ಕಚಡಾ. ನಾಲ್ಕನ್ನೂ ತೂಕ ಮಾಡಿ ಬರೆದಿಡಿ. ಸಿಗಡಿಯಲ್ಲಿ ಆರಿಸದೆ ಒಂದು ನೂರು ತೆಗೆದು ಮೂತಿಯ ಮುಳ್ಳಿನ ತುದಿಯಿಂದ ಬಾಲದ ಚೂಪು ತುದಿವರೆಗೆ ಅಳೆಯಿರಿ. ಶಾಲೆ ಮಕ್ಕಳ ಸ್ಕೇಲನ್ನು ಹಲಗೆಗೆ ಅಂಟಿಸಿಕೊಂಡರೆ ಕೆಲಸ ಬೇಗ ಆಗುತ್ತದೆ. ಮುಳ್ಳು ಮುರಿದದ್ದನ್ನು ಬಿಟ್ಟುಬಿಡಿ. ಜೊತೆಗೆ ಇನ್ನೆರಡು ಸಂಗತಿ ಬರೆಯಿರಿ: ರಾಶಿ ಆರಿಸಲು ಖಲಾಶಿಗಳಿಗೆ ಎಷ್ಟು ಹೊತ್ತು ಹಿಡಿಯಿತು, ಆ ಎಳೆತದ ಸಿಗಡಿ ಧಕ್ಕೆಯಲ್ಲಿ ಯಾವ ರೇಟಿಗೆ ಹೋಯಿತು. ಪಾತ್ರಾಂವ್ ಮುಂದೆ ಇಡಬೇಕಾದದ್ದು ಈ ಕೊನೆಯ ಎರಡು. ಮರಿ ಉಳಿಸಿ ಅಂತ ಭಾಷಣ ಮಾಡಿದರೆ ಅವರು ಚಹಾ ತರಿಸುತ್ತಾರೆ ಅಷ್ಟೆ.

ಯಾಕೆ ಆ ಎರಡು ಅಂದರೆ, ಲಾಭ ಅಲ್ಲೇ ಮೊದಲು ಕಾಣುತ್ತದೆ. ಚೀಲದಲ್ಲಿ ಕಚಡಾ ಕಡಿಮೆ ಇದ್ದರೆ ಸಿಗಡಿ ಕೆಳಗೆ ಸಿಕ್ಕಿ ನುಜ್ಜಾಗುವುದಿಲ್ಲ, ತಲೆ ಕಳಚುವುದಿಲ್ಲ. ಬಿಸಿಲಲ್ಲಿ ಆರಿಸುವ ಹೊತ್ತು ಕಡಿಮೆಯಾದರೆ ಬೇಗ ಮಂಜುಗಡ್ಡೆಗೆ ಹೋಗುತ್ತದೆ. ಚೀಲದ ಮೂಲಕ ನೀರು ಸರಾಗ ಹರಿಯುವುದರಿಂದ ಬಲೆ ಇಂಜಿನ್ನಿಗೆ ಕಡಿಮೆ ಭಾರ.

ಬರೀ ಚೀಲ ಬದಲಿಸಿದರೆ ಮುಗಿಯಿತಾ? ಮುಗಿಯುವುದಿಲ್ಲ. ಮೀನು ಮತ್ತು ಸಿಗಡಿ ಬಲೆಯೊಳಗೆ ನಡೆದುಕೊಳ್ಳುವ ರೀತಿ ಬೇರೆ ಬೇರೆ. ಮೀನು ಬಲೆ ಹೋಗುವ ದಿಕ್ಕಿಗೇ ಮುಖ ಮಾಡಿ ಈಜುತ್ತದೆ, ಸುಸ್ತಾದಾಗ ಹಿಂದಕ್ಕೆ ಬೀಳುತ್ತದೆ, ಮೇಲೆ ದಾರಿ ಕಂಡರೆ ಮೇಲಕ್ಕೆ ಹೋಗುತ್ತದೆ. ಸಿಗಡಿ ತಳಕ್ಕೆ ಅಂಟಿಕೊಂಡು ಉರುಳುತ್ತಾ ಬರುತ್ತದೆ. ಹಾಗಾಗಿ ಮೇಲ್ಗಡೆ ದಾರಿ ಕೊಟ್ಟರೆ ಮೀನು ಹೋಗುತ್ತದೆ, ಸಿಗಡಿ ಉಳಿಯುತ್ತದೆ. ಚೀಲಕ್ಕೆ ಸ್ವಲ್ಪ ಮುಂದೆ, ಬಲೆಯ ಮೇಲಿನ ಹಾಳೆಯಲ್ಲಿ ದೊಡ್ಡ ಚೌಕ ಕಣ್ಣಿನ ಕಿಟಕಿ ಕೂರಿಸಬಹುದು. ಅಥವಾ ಫಿಶ್ ಐ ಅನ್ನುವ ಕಬ್ಬಿಣದ ಚೌಕಟ್ಟು ಇದೆ. ಕಣ್ಣಿನ ಆಕಾರದ ಬಾಯಿ, ಬಲೆಯ ಮುಂದಿನ ದಿಕ್ಕಿಗೆ ತೆರೆದಿರುತ್ತದೆ. ಈಜುವ ಮೀನಿಗೆ ಅದು ಬಾಗಿಲು. ಉರುಳುವ ಸಿಗಡಿಗೆ ಅದು ಸಿಗುವುದಿಲ್ಲ. ವೆಲ್ಡಿಂಗ್ ಶಾಪಿನಲ್ಲಿ ಮಾಡಿಸಬಹುದು, ಖರ್ಚು ಜಾಸ್ತಿ ಇಲ್ಲ. ಎಚ್ಚರ ವಹಿಸಬೇಕಾದದ್ದು ಜಾಗದ ವಿಷಯದಲ್ಲಿ. ಚೀಲ ತುಂಬುವ ಜಾಗಕ್ಕೆ ತೀರಾ ಹತ್ತಿರ ಇಟ್ಟರೆ ಬಲೆ ಎತ್ತುವಾಗ ಅಲೆಗೆ ಸಿಗಡಿಯೂ ಅಲ್ಲಿಂದ ಚೆಲ್ಲುತ್ತದೆ. ತೀರಾ ಮುಂದೆ ಇಟ್ಟರೆ ಸಣ್ಣ ಮೀನು ಅಲ್ಲಿಯವರೆಗೆ ಈಜಲಾರದು. ಮರಿಗೆ ದಮ್ಮು ಕಡಿಮೆ. ಬೋಟು ಎರಡು, ಎರಡೂವರೆ ನಾಟ್ ವೇಗದಲ್ಲಿ ಓಡುವಾಗ ಅದು ಬೇಗ ಸೋಲುತ್ತದೆ. ಇನ್ನೊಂದು: ಮೀನು ದಾರಿ ಹುಡುಕುವುದು ಕಣ್ಣಿನಿಂದ. ರಾತ್ರಿ ಮತ್ತು ಮಳೆಗಾಲ ಮುಗಿದ ಹೊಸತರ ಕೆಂಪು ನೀರಿನಲ್ಲಿ ಈ ಕಿಟಕಿಗಳ ಕೆಲಸ ಕಡಿಮೆ.

ಕಂಬಿ ಜಾಲರಿಯ ವಿಷಯ ನೀವು ಕೇಳಿಲ್ಲ. ಆದರೂ ಧಕ್ಕೆಯಲ್ಲಿ ಯಾರಾದರೂ ಎತ್ತಿಯೇ ಎತ್ತುತ್ತಾರೆ. ನಾರ್ವೆಯಲ್ಲಿ 1989ರ ಸುಮಾರಿಗೆ ಸಿಗಡಿ ಬಲೆಗೆ ಓರೆಯಾಗಿ ಕಂಬಿಗಳ ಜಾಲರಿ ಕೂರಿಸಿದರು. ಅದರ ಮೂಲ ಒಬ್ಬ ಮೀನುಗಾರ ಅಂಬಲಿ ಮೀನು ಬಲೆಗೆ ಬೀಳದಿರಲಿ ಅಂತ ಮಾಡಿಕೊಂಡ ಉಪಾಯ. ಈಗ ಉತ್ತರದ ತಣ್ಣೀರಿನ ಹೆಚ್ಚಿನ ಸಿಗಡಿ ಬೋಟುಗಳಲ್ಲಿ ಅದು ಇದೆ. ನಾರ್ವೆಯಲ್ಲಿ ಕಂಬಿಯಿಂದ ಕಂಬಿಗೆ 19 ಮಿಲಿಮೀಟರ್. ಸಿಗಡಿ ನಡುವಿನಿಂದ ಚೀಲಕ್ಕೆ, ಮೀನು ಜಾಲರಿ ಹತ್ತಿ ಹೊರಗೆ. ಅಲ್ಲಿ ಅದು ನಡೆಯುವುದು ಮೀನು ಸಿಗಡಿಗಿಂತ ದೊಡ್ಡದಾಗಿರುವುದರಿಂದ. ನಮ್ಮ ಕಡೆ ತೊಂದರೆಯ ಮೀನು ಸಿಗಡಿಯಷ್ಟೇ ಗಾತ್ರದ ಮರಿ. ಅದೂ ಕಂಬಿಯ ನಡುವೆ ಸಿಗಡಿಯ ಜೊತೆಗೇ ಚೀಲ ಸೇರುತ್ತದೆ. ಉಲ್ಟಾ ನೀವು ಮಾರುವ ದೊಡ್ಡ ಮೀನು ಹೊರಗೆ ಹೋಗುತ್ತದೆ! ಅದಕ್ಕೇ ಕೊಚ್ಚಿಯ ಕೇಂದ್ರೀಯ ಮೀನುಗಾರಿಕೆ ತಂತ್ರಜ್ಞಾನ ಸಂಸ್ಥೆ, ನಾವೆಲ್ಲ ಸಿಫ್ಟ್ ಅನ್ನುತ್ತೇವಲ್ಲ, ಅವರು ಜಾಲರಿಯ ಹಿಂದೆ ಮೇಲೊಂದು ಕೆಳಗೊಂದು ಎರಡು ಚೀಲ ಕಟ್ಟುವ ಉಪಕರಣ ಮಾಡಿದರು. ಸಿಗಡಿ ಕೆಳಗಿನ ಸಣ್ಣ ಕಣ್ಣಿನ ಚೀಲಕ್ಕೆ, ಮೀನು ಮೇಲಿನ ದೊಡ್ಡ ಚೌಕ ಕಣ್ಣಿನ ಚೀಲಕ್ಕೆ. ಅಲ್ಲಿಂದ ಮರಿ ಹೊರಗೆ, ದೊಡ್ಡದು ಒಳಗೆ. 2005ರಲ್ಲಿ ಅದಕ್ಕೆ ವರ್ಲ್ಡ್ ವೈಲ್ಡ್‌ಲೈಫ್ ಫಂಡ್ ನಡೆಸಿದ ಅಂತಾರಾಷ್ಟ್ರೀಯ ಸ್ಪರ್ಧೆಯಲ್ಲಿ ಬಹುಮಾನ ಬಂತು. ಜಾಣ ಕೆಲಸ. ಆದರೆ ಸಣ್ಣ ಬೋಟಿನ ವಿಂಚಿಗೆ, ಇಕ್ಕಟ್ಟಿನ ಡೆಕ್ಕಿಗೆ ಕಬ್ಬಿಣದ ಚೌಕಟ್ಟು ಕಿರಿಕಿರಿ. ಹಾಗಾಗಿ ನಿಮ್ಮಂಥವರಿಗೆ ನಾನು ಮೊದಲು ಚೌಕ ಚೀಲ, ಆಮೇಲೆ ಮೇಲಿನ ಕಿಟಕಿ ಅಂತಲೇ ಹೇಳುವುದು.

ಬಲೆಗೆ ಬಿದ್ದ ಆಮೆ ತಪ್ಪಿಸಿಕೊಳ್ಳಲು ದಾರಿ ಕೊಡುವ ಟೆಡ್ ಉಪಕರಣ ಇದೆಯಲ್ಲ, ಅದು ಬೇರೆ ಬಾಬ್ತು. ಅಮೆರಿಕ 2019ರಿಂದ ನಮ್ಮ ಸಮುದ್ರದ ಸಿಗಡಿ ಕೊಳ್ಳದಿರುವುದು ನಮ್ಮ ಬೋಟುಗಳಲ್ಲಿ ಟೆಡ್ ಇಲ್ಲದ ಕಾರಣಕ್ಕೆ. ಗಾಲ್ಜಿಬಾಗ್, ಮೊರ್ಜಿಮ್‌ಗೆ ಮೊಟ್ಟೆ ಇಡಲು ಬರುವ ಕಡಲಾಮೆಗಳಿಗೆ ಅದು ಬೇಕೇ ಬೇಕು. ಆದರೆ ಟೆಡ್ ಹಾಕಿದ ಮಾತ್ರಕ್ಕೆ ಮರಿ ಮೀನು ಉಳಿಯುವುದಿಲ್ಲ.

ಪಕ್ಕದ ಬೋಟಿನವನ ಪ್ರಶ್ನೆಗೆ ಬರುತ್ತೇನೆ. ನೀವು ಹೇಳುವುದು ಸರಿ. ನೀವು ಬಿಟ್ಟ ಮರಿಗೆ ನಿಮ್ಮ ಹೆಸರು ಬರೆದಿರುವುದಿಲ್ಲ. ಸ್ವಚ್ಛ ಸಿಗಡಿ, ಕಡಿಮೆ ಕೆಲಸ, ಸ್ವಲ್ಪ ಡೀಸೆಲ್ ಉಳಿತಾಯ, ಇವು ಅದೇ ದಿನ ನಿಮ್ಮ ಬೋಟಿಗೇ ಬರುತ್ತವೆ. ಮರಿ ಬೆಳೆದ ಲಾಭ ಎಲ್ಲರಿಗೂ ಹಂಚಿಹೋಗುತ್ತದೆ, ಎಲ್ಲರೂ ಬಿಟ್ಟರೆ ಮಾತ್ರ ಬರುತ್ತದೆ. ಒಂದು ಬೋಟಿನಿಂದ ಸಮುದ್ರ ತುಂಬುವುದಿಲ್ಲ. ಅದಕ್ಕೆ ಧಕ್ಕೆಯ ಮಟ್ಟದಲ್ಲಿ ಒಪ್ಪಂದ ಬೇಕು, ಅದನ್ನು ನೋಡುವವರು ಬೇಕು. ಸಮುದ್ರದಲ್ಲಿ ಬಲೆ ತಪಾಸಣೆ ಕಷ್ಟ. ಧಕ್ಕೆಯಲ್ಲಿ ಮೀನು ಅಳೆಯುವುದು ಸುಲಭ. ಕೇರಳದವರು 2015ರಿಂದ ಹಿಡಿದದ್ದು ಅದೇ ದಾರಿ. ತಾರ್ಲೆ (ಬೂತಾಯಿ) 10 ಸೆಂಟಿಮೀಟರಿಗಿಂತ, ಬಂಗುಡೆ 14ಕ್ಕಿಂತ ಚಿಕ್ಕದಿದ್ದರೆ ಇಳಿಸುವಂತಿಲ್ಲ. ಮೊದಲು 14 ಜಾತಿಗೆ ಇತ್ತು, ಆಮೇಲೆ 58ಕ್ಕೆ ಏರಿಸಿದರು. ಅಲ್ಲಿ ಎಲ್ಲವೂ ಸರಿಯಾಗಿದೆ ಅಂತಲ್ಲ. ಆದರೆ ಮರಿ ಇಳಿಸಿದರೆ ದಂಡ ಬೀಳುತ್ತದೆ ಅಂದಾಗ ಮರಿ ಬೀಳದ ಬಲೆಯನ್ನು ತಾಂಡೇಲನೇ ಹುಡುಕಿಕೊಂಡು ಹೋಗುತ್ತಾನೆ. ಫಿಶ್ ಮೀಲ್ ಲಾರಿ ಧಕ್ಕೆಗೆ ಬಂದು ಕಚಡಾಕ್ಕೂ ಕಾಸು ಕೊಡುವವರೆಗೆ ಬರೀ ಬಲೆಯ ನಿಯಮದಿಂದ ಆಗುವುದು ಅಷ್ಟಕ್ಕಷ್ಟೇ. ಕೆಲವು ಬೋಟುಗಳಲ್ಲಿ ಕಚಡಾದ ದುಡ್ಡು ಖಲಾಶಿಗಳ ಕೈಖರ್ಚಿಗೆ ಹೋಗುತ್ತದೆ. ನಿಮ್ಮಲ್ಲೂ ಹಾಗಿದ್ದರೆ ಚೀಲ ಬದಲಿಸುವ ಮೊದಲು ಅವರ ಪಾಲಿನ ಮಾತು ಮುಗಿಸಿಕೊಳ್ಳಿ. ಇಲ್ಲದಿದ್ದರೆ ಹೊಸ ಚೀಲಕ್ಕೆ ಹೇಗೋ ತೂತು ಬೀಳುತ್ತದೆ.

ಚೀಲಕ್ಕಿಂತ ಮುಖ್ಯವಾದ ಒಂದು ಮಾತು, ಎಲ್ಲಿ ಎಳೆಯುತ್ತೀರಿ ಅನ್ನುವುದು. ಹೆಚ್ಚಿನ ಸಿಗಡಿ ಮೊಟ್ಟೆ ಇಡುವುದು ಸಮುದ್ರದಲ್ಲಿ. ಮರಿ ಕೆಲವೇ ವಾರದಲ್ಲಿ ಅಳಿವೆ ಹೊಕ್ಕು ಹಿನ್ನೀರಿನಲ್ಲಿ ಬೆಳೆಯುತ್ತದೆ. ಉಪ್ಪುನೀರು ನುಗ್ಗುವ ನಿಮ್ಮೂರಿನ ಗಜನಿ ಗದ್ದೆ, ಇಲ್ಲಿನ ಖಜಾನ್ ಗದ್ದೆಯ ಕಾಲುವೆ, ಕಾಂಡ್ಲಾ ಗಿಡಗಳ ಬುಡ ಎಲ್ಲ ಅದರ ತೊಟ್ಟಿಲು. ಮಳೆಗೆ ಸಿಹಿನೀರು ನುಗ್ಗಿದಾಗ ಅರೆಬೆಳೆದ ಸಿಗಡಿ ಮಾಂಡವಿ, ಜುವಾರಿ ನದಿಗಳಿಂದ ಹೊರಗೆ ಬರುತ್ತದೆ. ಜೂನ್ 1ರಿಂದ ಜುಲೈ 31ರ ನಿಷೇಧ ಮುಗಿದು ಬೋಟುಗಳು ಹೊರಡುವ ಹೊತ್ತಿಗೆ ಅವು ಇನ್ನೂ ದಡದ ಹತ್ತಿರದ ಆಳ ಕಡಿಮೆ ನೀರಿನಲ್ಲೇ ಇರುತ್ತವೆ. ಆಗಸ್ಟ್, ಸೆಪ್ಟೆಂಬರಿನಲ್ಲಿ ಅಳಿವೆ ಬಾಯಿಯ ಆಚೀಚೆ ಎಳೆದರೆ ಯಾವ ಚೀಲ ಹಾಕಿದರೂ ಮರಿ ಬಿದ್ದೇ ಬೀಳುತ್ತದೆ. ದಡದಿಂದ 5 ಕಿಲೋಮೀಟರ್ ಒಳಗೆ ಟ್ರಾಲರ್ ಬರಬಾರದು ಅನ್ನುವ ನಿಯಮ ಎಪ್ಪತ್ತರ ದಶಕದ ರಂಪಣಕಾರರ, ಅಂದರೆ ದಡದಿಂದ ರಂಪಣಿ ಬಲೆ ಎಳೆಯುವವರ, ಹೋರಾಟದ ಫಲ. ಅವರು ಕೇಳಿದ್ದು ತಮ್ಮ ಹೊಟ್ಟೆಪಾಡಿಗೆ. ಆದರೆ ಆ ಪಟ್ಟಿಯೇ ಮರಿಗಳ ಜಾಗವೂ ಆಗಿದೆ. ಹೊರಗೆ ಹೋದ ಮೇಲೂ ಮೊದಲ ಎಳೆತ ಸಣ್ಣದಿಡಿ. ಸಿಗಡಿ ತೀರಾ ಸಣ್ಣದು ಬಂದರೆ ಅಲ್ಲೇ ಸುತ್ತಬೇಡಿ, ಆಳಕ್ಕೆ ಸರಿಯಿರಿ.

ಇನ್ನು ಹಳೇ ಬಲೆಯಿಂದ ಚೌಕ ಚೀಲ ಮಾಡುವುದು. ಬೇಡ. ಚೌಕ ಕಣ್ಣಿನಲ್ಲಿ ಭಾರವೆಲ್ಲ ಉದ್ದಕ್ಕೆ ಹೋಗುವ ದಾರಗಳ ಮೇಲೆ ಬೀಳುತ್ತದೆ, ಅಡ್ಡ ದಾರಗಳು ಸುಮ್ನೆ ಇರುತ್ತವೆ. ಡೈಮಂಡ್ ಕಣ್ಣಿನಲ್ಲಿ ನಾಲ್ಕೂ ಬದಿ ಹೊರುತ್ತಿದ್ದದ್ದನ್ನು ಇಲ್ಲಿ ಎರಡೇ ಹೊರಬೇಕು. ಬಿಸಿಲಿಗೆ ಸೊರಗಿದ ದಾರ ತಡೆಯುವುದಿಲ್ಲ. ಅದಕ್ಕಿಂತ ಮೊದಲು ಗಂಟು ಜಾರುತ್ತದೆ. ಒಂದು ಗಂಟು ಜಾರಿದರೆ ಪಕ್ಕದ ಒಂದು ಕಣ್ಣು ದೊಡ್ಡದು, ಇನ್ನೊಂದು ಚಿಕ್ಕದು. ಆಮೇಲೆ ನಿಮ್ಮ 35 ಅನ್ನುವ ಲೆಕ್ಕಕ್ಕೆ ಅರ್ಥವಿಲ್ಲ. ಹೊಸ ಬಲೆ ತಗೊಳ್ಳಿ, ಗಂಟು ಬಿಗಿಯಾಗಿ ಕೂರಿಸಿದ್ದು ಅಥವಾ ಗಂಟಿಲ್ಲದ ಹೆಣಿಗೆಯದ್ದು. ದಾರ ಅಗತ್ಯಕ್ಕಿಂತ ದಪ್ಪ ಬೇಡ, ದಪ್ಪ ದಾರ ಕಿಂಡಿಯನ್ನೇ ತಿನ್ನುತ್ತದೆ. ಬದಿಯ ದಾರದ ಗುಂಟ ಓರೆಯಾಗಿ, ಮೆಟ್ಟಿಲು ಬಿಡದೆ ಕತ್ತರಿಸಬೇಕು. ಮೊದಲ ಸಲ ಗೊತ್ತಿರುವವರ ಕೈಯಲ್ಲೇ ಮಾಡಿಸಿ. ಡೈಮಂಡ್ ಬಲೆಗೆ ಇದನ್ನು ಸೇರಿಸುವಾಗ, ಎರಡರ ಕಣ್ಣೂ ಒಂದೇ ಅಳತೆಯದಾದರೆ, ಎರಡು ಡೈಮಂಡ್ ಕಣ್ಣಿಗೆ ಒಂದು ಚೌಕ ಬದಿ ಅಂತ ಹಿಡಿದರೆ ಸುಮಾರು ಸರಿಹೋಗುತ್ತದೆ. ಒಂದಕ್ಕೊಂದು ಸೇರಿಸಿದರೆ ಚೀಲ ಜೋತು ಬೀಳುತ್ತದೆ. ಉದ್ದಕ್ಕೂ ನಾಲ್ಕು ಹಗ್ಗ ಕೊಟ್ಟು, ಅವು ಚೀಲಕ್ಕಿಂತ ತುಸು ಗಿಡ್ಡ ಇರುವಂತೆ ಕಟ್ಟಿದರೆ ಭಾರ ಹಗ್ಗ ಹೊರುತ್ತದೆ.

ಕತ್ತರಿಸಲು ಮನಸ್ಸಿಲ್ಲದಿದ್ದರೆ ಇನ್ನೊಂದು ಉಪಾಯ: ಅದೇ ಡೈಮಂಡ್ ಬಲೆಯನ್ನು ಕಾಲು ಸುತ್ತು ತಿರುಗಿಸಿ, ಅಡ್ಡವಿದ್ದದ್ದನ್ನು ಉದ್ದ ಮಾಡಿ ಹೊಲಿಯುವುದು. ಗಂಟಿನ ಗಾತ್ರವೇ ಕಣ್ಣನ್ನು ಪೂರ್ತಿ ಮುಚ್ಚಲು ಬಿಡುವುದಿಲ್ಲ. ಚೌಕದಷ್ಟು ತೆರೆಯುವುದಿಲ್ಲ, ತೆಳು ಮೆತ್ತಗಿನ ದಾರದಲ್ಲಿ ಇದರ ಗುಣ ಕಡಿಮೆ. ಆದರೆ ಬಲೆ ಹಾಳಾಗುವುದಿಲ್ಲ, ಗಂಟು ಜಾರುವ ಭಯವೂ ಕಡಿಮೆ. ಯಾವುದೇ ಮಾಡಿ, ಹೊರಗೆ ‘ರಕ್ಷಣೆಗೆ’ ಅಂತ ಇನ್ನೊಂದು ಸಣ್ಣ ಕಣ್ಣಿನ ಚೀಲ ಮಾತ್ರ ಕಟ್ಟಬೇಡಿ. ತಳ ಸವೆಯುವ ಭಯವಿದ್ದರೆ ಕೆಳಭಾಗಕ್ಕಷ್ಟೇ ದೊಡ್ಡ ಕಣ್ಣಿನ ತುಂಡು ಕೊಟ್ಟು ಮೇಲ್ಭಾಗ ಖಾಲಿ ಬಿಡಿ. ಚೀಲ ಸಿದ್ಧವಾದ ಮೇಲೆ ಒದ್ದೆ ಮಾಡಿ, ಬೇರೆ ಬೇರೆ ಕಡೆ ಒಂದು ಇಪ್ಪತ್ತು ಕಣ್ಣು ಅಳೆದು ಸರಾಸರಿ ಬರೆದಿಡಿ. ಒಂದು ತಿಂಗಳು ಎಳೆದ ಮೇಲೆ ಅದೇ ರೀತಿ ಮತ್ತೊಮ್ಮೆ ಅಳೆಯಿರಿ. ಕಾರವಾರದಲ್ಲಿ ಸಿಎಂಎಫ್‌ಆರ್‌ಐ, ಅಂದರೆ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಕೇಂದ್ರ ಇದೆ, ನೀವು ಊರಿಗೆ ಹೋಗುವ ದಾರಿಯಲ್ಲೇ. ಆ ಅಳತೆ, ಎಳೆತಗಳ ಪುಸ್ತಕ ಎರಡನ್ನೂ ಅಲ್ಲಿಗೆ ಒಯ್ದು ತೋರಿಸಿ.